ಕಾರಿನ ಅಂತಿಮ ಗೇರು ಅನುಪಾತ: ಬದಲಾವಣೆಯ ಲಾಭನಷ್ಟ

ಎಂಜಿನ್ನಿನಿಂದ ಹೊರಟ ತಿರುಗುಬಲ ಗೇರ್‌ಬಾಕ್ಸ್ ದಾಟಿ ಚಕ್ರ ಸೇರುವ ಮುನ್ನ ಕೊನೆಯದಾಗಿ ಹಾದುಹೋಗುವ ಹಲ್ಲುಗಾಲಿಗಳ ಜೋಡಿಗೆ ಅಂತಿಮ ಚಾಲನೆ ಅಥವಾ ಫೈನಲ್ ಡ್ರೈವ್ ಎಂದು ಹೆಸರು. ಹಿಂದಿನ ಚಕ್ರಗಳನ್ನು ತಿರುಗಿಸುವ ವಾಹನಗಳಲ್ಲಿ ಇದು ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಬ್ಬಿಯೊಳಗೆ ಇರುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಗೇರು ಪಿನಿಯನ್. ಅದು ತಿರುಗಿಸುವ ತಟ್ಟೆಯಷ್ಟಗಲದ ದೊಡ್ಡ ಗೇರು ಕ್ರೌನ್. ನಮ್ಮ ಗ್ಯಾರೇಜುಗಳಲ್ಲಿ ಇವೆರಡನ್ನೂ ಸೇರಿಸಿ 'ಕ್ರೌನ್ ಪಿನಿಯನ್' ಎಂದೇ ಕರೆಯುತ್ತಾರೆ. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಅಂತಿಮ ಅನುಪಾತ. ಕ್ರೌನಿಗೆ 41, ಪಿನಿಯನ್ನಿಗೆ 10 ಹಲ್ಲಿದ್ದರೆ ಅನುಪಾತ 4.10. ಎಂದರೆ ಶಾಫ್ಟು 4.10 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಚಕ್ರಕ್ಕೆ ಸಿಗುವ ತಿರುಗುಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಈ ಅಂಕಿಗಳು 3.73, 3.55, 4.88 ಎಂದು ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿದೆ. ಎರಡೂ ಗೇರುಗಳ ಹಲ್ಲಿನ ಸಂಖ್ಯೆಗೆ ಸಾಮಾನ್ಯ ಅಪವರ್ತನ ಇಲ್ಲದಂತೆ ವಿನ್ಯಾಸಕರು ನೋಡಿಕೊಳ್ಳುತ್ತಾರೆ. 41ಕ್ಕೆ 11 ಹಲ್ಲು ಸೇರಿದಾಗ 3.73 ಬರುತ್ತದೆ. ಆ ಜೋಡಿಯಲ್ಲಿ ಪಿನಿಯನ್ನಿನ ಪ್ರತಿ ಹಲ್ಲೂ ಸರದಿಯಂತೆ ಕ್ರೌನಿನ ಪ್ರತಿ ಹಲ್ಲನ್ನೂ ಮುಟ್ಟುತ್ತದೆ, ಸವೆತ ಎಲ್ಲ ಹಲ್ಲಿಗೂ ಸಮನಾಗಿ ಹಂಚಿಹೋಗುತ್ತದೆ. 36ಕ್ಕೆ 9 ಜೋಡಿಸಿದರೆ ಸರಿಯಾಗಿ 4 ಬರುತ್ತದೆ ನಿಜ. ಆದರೆ ಅಲ್ಲಿ ಪಿನಿಯನ್ನಿನ ಒಂದು ಹಲ್ಲು ಜೀವಮಾನವಿಡೀ ಕ್ರೌನಿನ ಅದೇ ನಾಲ್ಕು ಹಲ್ಲುಗಳನ್ನು ಉಜ್ಜುತ್ತಿರುತ್ತದೆ. ಒಂದರಲ್ಲಿ ಗಾಯವಾದರೆ ಅದು ಆ ನಾಲ್ಕಕ್ಕೂ ಅಂಟುತ್ತದೆ.

ನಿಮ್ಮ ಗಾಡಿಯ ಅನುಪಾತ ತಿಳಿಯಲು ಡಬ್ಬಿ ಬಿಚ್ಚಬೇಕಿಲ್ಲ. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಬೇಕು. ಪ್ರೊಪೆಲ್ಲರ್ ಶಾಫ್ಟಿಗೊಂದು, ಟೈರಿಗೊಂದು ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ಬಂದಿತೆಂದು ಎಣಿಸಬೇಕು. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇನ್ನೊಂದನ್ನು ಇಮ್ಮಡಿ ತಿರುಗಲು ಬಿಡುತ್ತದೆ. ಹಾಗಾಗಿ ಚಕ್ರದ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಶಾಫ್ಟು ನಾಲ್ಕು ಸುತ್ತಿಗಿಂತ ಒಂದಿಷ್ಟು ಮುಂದೆ ಹೋಗಿ ನಿಂತರೆ ಅದು 4.10 ಇರಬಹುದು. ಐದಕ್ಕೆ ಕೊಂಚ ಕಡಿಮೆಯಾದರೆ 4.88.

ಪದಗಳ ವಿಷಯದಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. 'ಲೋ ರೇಷಿಯೋ' ಎಂದು ಮೆಕ್ಯಾನಿಕ್ ಹೇಳಿದರೆ ಅದು ಎಳೆತ ಹೆಚ್ಚಿರುವ, ವೇಗ ಕಡಿಮೆ ಇರುವ ಜೋಡಿ. ಅದರ ಅಂಕಿ ಮಾತ್ರ ದೊಡ್ಡದು. 'ಹೈ ರೇಷಿಯೋ' ಎಂಬುದು ಸಣ್ಣ ಅಂಕಿಯದು. ಈ ತಿರುವುಮುರುವಿನಿಂದ ತಪ್ಪು ಸಾಮಾನು ತರಿಸಿಕೊಂಡವರು ಹಲವರು. ಇಲ್ಲಿ ದೊಡ್ಡ ಅಂಕಿ, ಸಣ್ಣ ಅಂಕಿ ಎಂಬ ಮಾತುಗಳನ್ನೇ ಬಳಸಲಾಗಿದೆ.

ಎಳೆತ ಎಲ್ಲಿಂದ ಬರುತ್ತದೆ

ಅಂತಿಮ ಅನುಪಾತ ಒಂದು ಸನ್ನೆಗೋಲು. ಸನ್ನೆಯ ಕೈಯುದ್ದ ಹೆಚ್ಚಿಸಿದರೆ ಬಂಡೆ ಸುಲಭವಾಗಿ ಏಳುತ್ತದೆ, ಕೈ ಮಾತ್ರ ಹೆಚ್ಚು ದೂರ ಸರಿಯಬೇಕಾಗುತ್ತದೆ. ದೊಡ್ಡ ಅಂಕಿಯ ಕ್ರೌನ್ ಪಿನಿಯನ್ ಹಾಕಿದರೆ ಚಕ್ರದ ಬಳಿ ಬಲ ಹೆಚ್ಚುತ್ತದೆ. ಅಷ್ಟೇ ದೂರ ಹೋಗಲು ಎಂಜಿನ್ ಹೆಚ್ಚು ಸುತ್ತು ಸುತ್ತಬೇಕಾಗುತ್ತದೆ. ಎಂಜಿನ್ನಿನ ಅಶ್ವಶಕ್ತಿ ಒಂದಿಷ್ಟೂ ಏರುವುದಿಲ್ಲ. ಗೇರ್‌ಬಾಕ್ಸಿನ ಯಾವುದೋ ಒಂದು ಗೇರು ಬದಲಾದರೆ ಆ ಗೇರಿಗಷ್ಟೇ ಪರಿಣಾಮ. ಅಂತಿಮ ಅನುಪಾತ ಬದಲಾದರೆ ಒಂದನೆಯದರಿಂದ ಐದನೆಯದರವರೆಗೆ, ರಿವರ್ಸ್ ಸೇರಿ, ಎಲ್ಲವೂ ಒಂದೇ ಪ್ರಮಾಣದಲ್ಲಿ ಸರಿಯುತ್ತವೆ. ಈ ಬದಲಾವಣೆಯ ಶಕ್ತಿಯೂ ತೊಡಕೂ ಇರುವುದು ಅಲ್ಲೇ.

ಇದಕ್ಕೆ ಒಳ್ಳೆಯ ನಿದರ್ಶನ 1987ರಿಂದ 1993ರವರೆಗಿನ ಅಮೆರಿಕದ ಫೋರ್ಡ್ ಮಸ್ಟಾಂಗ್ 5.0. ಅಮೆರಿಕದಲ್ಲಿ 1974ರಲ್ಲಿ ದೇಶಾದ್ಯಂತ ವೇಗಮಿತಿಯನ್ನು ಗಂಟೆಗೆ 55 ಮೈಲಿಗೆ, ಎಂದರೆ ಸುಮಾರು 88 ಕಿಲೋಮೀಟರಿಗೆ ಇಳಿಸಲಾಗಿತ್ತು. ಕಾರು ಕಂಪನಿಗಳ ಸರಾಸರಿ ಮೈಲೇಜು ಇಂತಿಷ್ಟಿರಬೇಕೆಂದು 1975ರ ಕಾನೂನು ಕಟ್ಟುಮಾಡಿ, 1978ರ ಮಾದರಿಗಳಿಂದ ಅದು ಜಾರಿಗೆ ಬಂತು. ಈ ಒತ್ತಡದಲ್ಲಿ ಫೋರ್ಡ್ ತನ್ನ ಬಲಶಾಲಿ ವಿ-8 ಕಾರಿಗೂ 2.73 ಅಥವಾ 3.08ರಂತಹ ಸಣ್ಣ ಅಂಕಿಯ ಕ್ರೌನ್ ಪಿನಿಯನ್ನನ್ನೇ ಕೂರಿಸಿ ಕಳಿಸುತ್ತಿತ್ತು. ಕೊಂಡವರಲ್ಲಿ ಹಲವರು ಅದನ್ನು ಕಿತ್ತು 3.55, 3.73 ಅಥವಾ 4.10 ಹಾಕಿಸಿಕೊಂಡರು. ಅಂಥವರ ನಡುವೆ ಇದು ಅತಿ ಸಾಮಾನ್ಯವಾದ ಮಾರ್ಪಾಡುಗಳಲ್ಲೊಂದಾಯಿತು.

ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಆ ಕಾರಿನ ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರು 3.35, ಎರಡನೆಯದು ಹತ್ತಿರ ಹತ್ತಿರ 2, ನಾಲ್ಕನೆಯದು ನೇರ 1, ಐದನೆಯದು 0.68. ಟೈರಿನ ಸುತ್ತಳತೆ ಸುಮಾರು 2.05 ಮೀಟರ್. 2.73 ಇದ್ದಾಗ ಒಂದನೇ ಗೇರಿನ ಒಟ್ಟು ಗುಣಕ 9.15. 3.73 ಹಾಕಿದರೆ 12.5. ಎಂಜಿನ್ನಿನ ಗರಿಷ್ಠ ತಿರುಗುಬಲ 407 ನ್ಯೂಟನ್-ಮೀಟರ್ ಆಸುಪಾಸು. ಘರ್ಷಣೆಯ ನಷ್ಟ ಬಿಟ್ಟು ನೋಡಿದರೆ ಚಕ್ರಗಳಿಗೆ ಮೊದಲು ಸಿಗುತ್ತಿದ್ದುದು ಸುಮಾರು 3,700, ಈಗ ಸಿಗುವುದು ಸುಮಾರು 5,100. ಶೇಕಡ 37ರಷ್ಟು ಹೆಚ್ಚಳ. ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟ ಕ್ಷಣವೇ ಇದು ಬೆನ್ನಿಗೆ ಗೊತ್ತಾಗುತ್ತದೆ. ಇಷ್ಟು ಲಾಭವನ್ನು ಎಂಜಿನ್ ಬಿಚ್ಚಿ ಪಡೆಯಲು ಹೋದರೆ ಆಗುವ ಖರ್ಚೇ ಬೇರೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಎಂಜಿನ್ನನ್ನು ನಿಮಿಷಕ್ಕೆ 5,500 ಸುತ್ತಿನವರೆಗೆ ಎಳೆದರೆ, 2.73ರ ಕಾರು ಒಂದನೇ ಗೇರಿನಲ್ಲಿ ಗಂಟೆಗೆ 74 ಕಿಲೋಮೀಟರ್ ಮುಟ್ಟುತ್ತದೆ. 3.73ರ ಕಾರಿನಲ್ಲಿ ಒಂದನೇ ಗೇರು 54ಕ್ಕೇ ಮುಗಿದುಹೋಗುತ್ತದೆ. 54 ದಾಟಿದೊಡನೆ ಅದು ಎರಡನೇ ಗೇರಿನಲ್ಲಿದೆ, ಗುಣಕ 7.46. ಹಳೆಯ ಕಾರು ಇನ್ನೂ ಒಂದನೆಯದರಲ್ಲೇ ಇದೆ, ಗುಣಕ 9.15. ಎಂದರೆ 54ರಿಂದ 74ರ ನಡುವಿನ ವೇಗದ ಮೊದಲ ಭಾಗದಲ್ಲಿ ಮಾರ್ಪಾಡು ಮಾಡದ ಕಾರೇ ಹೆಚ್ಚು ಬಲವಾಗಿ ಎಳೆಯುತ್ತಿರುತ್ತದೆ. 74 ಸಮೀಪಿಸುತ್ತ ಅದರ ಎಂಜಿನ್ ಉಸಿರುಗಟ್ಟಿ ಅಂತರ ಕರಗುತ್ತದೆ, ಮುಂದೆ ಮತ್ತೆ 3.73ಕ್ಕೆ ಮೇಲುಗೈ. ಎರಡನೇ ಗೇರು ಮುಗಿಯುವಲ್ಲಿ ಇದೇ ಕತೆ ಮರುಕಳಿಸುತ್ತದೆ: ಹಳೆಯದಕ್ಕೆ ಸುಮಾರು 124ರವರೆಗೆ ಎರಡನೆಯದೇ ಸಾಕು, ಹೊಸದಕ್ಕೆ 91ರಲ್ಲೇ ಮೂರನೆಯದಕ್ಕೆ ಹೋಗಬೇಕು. ಅಮೆರಿಕದವರು ಅಳೆಯುವುದು ಸೊನ್ನೆಯಿಂದ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರಿನ ಓಟವನ್ನು. ಹೊಸ ಜೋಡಿ ಹಾಕಿಸಿದವನಿಗೆ ಆ ಓಟದೊಳಗೆ ಒಂದು ಗೇರು ಬದಲಾವಣೆ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಅದಕ್ಕೆ ಹೋಗುವ ಅರೆ ಕ್ಷಣ ಗಳಿಸಿದ್ದರಲ್ಲಿ ಒಂದು ಪಾಲನ್ನು ತಿನ್ನುತ್ತದೆ. 'ದೊಡ್ಡ ಅಂಕಿ ಹಾಕಿದರೆ ಕಾರು ಎಲ್ಲ ವೇಗದಲ್ಲೂ ಚುರುಕಾಗುತ್ತದೆ' ಎಂಬ ನಂಬಿಕೆ ಎಷ್ಟು ಹರಡಿದೆಯೋ ಅಷ್ಟೇ ತಪ್ಪು. ಒಂದೊಂದು ಗೇರಿನಲ್ಲೂ ಚುರುಕಾಗುತ್ತದೆ ಎಂಬುದು ನಿಜ, ಹಾಗಾಗಿ ಗೇರು ಇಳಿಸದೆ ಹಿಂದಿಕ್ಕಬಹುದು. ಆ ಸುಖವೇ ಬಹುಪಾಲು ಜನ ಮೆಚ್ಚುವುದು.

ಇನ್ನೆರಡು ಮಿತಿಗಳನ್ನು ಮರೆಯಬಾರದು. ಟೈರಿನ ಹಿಡಿತ ಎಷ್ಟೋ ಅಷ್ಟೇ ಬಲ ನೆಲಕ್ಕೆ ಇಳಿಯುತ್ತದೆ. ಒಂದನೇ ಗೇರಿನಲ್ಲಿ ಈಗಾಗಲೇ ಚಕ್ರ ಜಾರುವ ಕಾರಿಗೆ ದೊಡ್ಡ ಅಂಕಿ ಹಾಕಿದರೆ ಹೆಚ್ಚುವುದು ಹೊಗೆ ಮಾತ್ರ. ಎರಡನೆಯದು, ಫ್ಲೈವೀಲ್ ಮುಂತಾದ ತಿರುಗುವ ಭಾಗಗಳನ್ನೂ ವೇಗಕ್ಕೆ ಏರಿಸಬೇಕಲ್ಲ. ಅವುಗಳ ಜಡತ್ವ ಚಕ್ರದ ಬಳಿ ಒಟ್ಟು ಗುಣಕದ ವರ್ಗದಷ್ಟು ಹೆಚ್ಚಿ ಕಾಣುತ್ತದೆ. ಅನುಪಾತ 1.37 ಪಟ್ಟಾದರೆ ಆ ಹೊರೆ ಸುಮಾರು 1.87 ಪಟ್ಟು. ಕೆಳಗಿನ ಗೇರುಗಳಲ್ಲಿ ಇದು ಲೆಕ್ಕಕ್ಕೆ ಬರುವಷ್ಟು ದೊಡ್ಡದು.

ಹೆದ್ದಾರಿಯಲ್ಲಿ ತೆರುವ ಬೆಲೆ

ಅದೇ ಮಸ್ಟಾಂಗ್ ಐದನೇ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಹೋಗುವಾಗ 2.73ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,510 ಸುತ್ತು ತಿರುಗುತ್ತದೆ. 3.73ರಲ್ಲಿ 2,060, 4.10ರಲ್ಲಿ 2,270. ಐದನೇ ಗೇರು 0.68ರಷ್ಟು ಹಗುರವಾಗಿದ್ದುದರಿಂದಲೇ ಈ ಕಾರಿನ ಮಾಲೀಕರು ದೊಡ್ಡ ಅಂಕಿಯನ್ನು ಸಹಿಸಿಕೊಂಡರು. ಟಾಪ್ ಗೇರು ನೇರ 1 ಇರುವ ನಾಲ್ಕು ಗೇರಿನ ಹಳೆಯ ಗಾಡಿಗೆ 4.10 ಹಾಕಿ, ಟೈರು ಇಷ್ಟೇ ದೊಡ್ಡದಿದ್ದರೆ, ಅದೇ ವೇಗಕ್ಕೆ 3,300 ಸುತ್ತು ಮೀರುತ್ತದೆ. ದಿನವಿಡೀ ಆ ಸದ್ದಿನಲ್ಲಿ ಪ್ರಯಾಣ ಮಾಡುವುದು ಸುಲಭವಲ್ಲ.

ಸುತ್ತು ಹೆಚ್ಚಾದರೆ ಪೆಟ್ರೋಲು ಏಕೆ ಹೆಚ್ಚು ಬೇಕು? ಸಮತಟ್ಟು ರಸ್ತೆಯಲ್ಲಿ 100ರ ವೇಗ ಉಳಿಸಿಕೊಳ್ಳಲು ಬೇಕಾದ ಶಕ್ತಿ ಅನುಪಾತ ಬದಲಾದರೂ ಅಷ್ಟೇ. ಆದರೆ ಪೆಟ್ರೋಲ್ ಎಂಜಿನ್ ಹೆಚ್ಚು ಸುತ್ತು, ಕಡಿಮೆ ಹೊರೆಯಲ್ಲಿ ಓಡುವಾಗ ಗಾಳಿಯ ಕವಾಟ ಅರೆಮುಚ್ಚಿರುತ್ತದೆ. ಆ ಕಿರುಗಂಡಿಯಲ್ಲಿ ಗಾಳಿ ಎಳೆದುಕೊಳ್ಳುವುದಕ್ಕೇ ಪಿಸ್ಟನ್ನುಗಳು ಶ್ರಮಪಡುತ್ತವೆ. ಜೊತೆಗೆ ಪ್ರತಿ ಸುತ್ತಿಗೂ ಬೇರಿಂಗು, ರಿಂಗು, ಆಯಿಲ್ ಪಂಪುಗಳ ಘರ್ಷಣೆಯ ತೆರಿಗೆ ಇದ್ದೇ ಇದೆ. ಕಡಿಮೆ ಸುತ್ತಿನಲ್ಲಿ, ಕವಾಟ ಹೆಚ್ಚು ತೆರೆದು ಅದೇ ಶಕ್ತಿ ತೆಗೆದರೆ ಈ ಎರಡು ನಷ್ಟವೂ ಇಳಿಯುತ್ತವೆ. ಹಾಗೆಂದು ಅಂಕಿಯನ್ನು ಇಳಿಸುತ್ತಲೇ ಹೋದರೆ ಮೈಲೇಜು ಏರುತ್ತಲೇ ಹೋಗುವುದಿಲ್ಲ. ಒಂದು ಹಂತ ದಾಟಿದ ಮೇಲೆ ಚಿಕ್ಕ ಏರಿಗೂ ಎಂಜಿನ್ ಮುಕ್ಕರಿಯುತ್ತದೆ, ಚಾಲಕ ಪದೇ ಪದೇ ಗೇರು ಇಳಿಸುತ್ತಾನೆ, ಹೊರಡುವಾಗ ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸುತ್ತಾನೆ. ಊರೊಳಗೇ ಓಡುವ ಗಾಡಿಗೆ ತೀರಾ ಸಣ್ಣ ಅಂಕಿ ಹಾಕಿದರೆ ಪೆಟ್ರೋಲೂ ಉಳಿಯದು, ಕ್ಲಚ್ ಪ್ಲೇಟೂ ಉಳಿಯದು. ಗರಿಷ್ಠ ವೇಗದ ಮಾತೂ ಹೀಗೇ. ಎಂಜಿನ್ನಿನ ಶಕ್ತಿ ಶಿಖರ ಮುಟ್ಟುವ ಸುತ್ತಿನಲ್ಲೇ ಗಾಳಿಯ ತಡೆಯೂ ಸಮವಾದರೆ ಅತಿ ಹೆಚ್ಚು ವೇಗ ಸಿಗುತ್ತದೆ. ಅನುಪಾತ ಅದಕ್ಕಿಂತ ಸಣ್ಣದಿದ್ದರೆ ಎಂಜಿನ್ ಆ ಸುತ್ತನ್ನು ಮುಟ್ಟಲಾರದು, ದೊಡ್ಡದಿದ್ದರೆ ಮುಟ್ಟಿ ದಾಟಿಬಿಡುತ್ತದೆ.

ಯುದ್ಧದ ಜೀಪು, ಹೊಲದ ಜೀಪು

ಈ ಸಮಸ್ಯೆ ಮೋಟಾರಿನಷ್ಟೇ ಹಳೆಯದು. ಹೆನ್ರಿ ಫೋರ್ಡರ ಮಾಡೆಲ್ ಟಿ ಕಾರಿಗೆ 40ಕ್ಕೆ 11 ಹಲ್ಲಿನ, ಎಂದರೆ ಸುಮಾರು 3.64ರ ಜೋಡಿ ಇತ್ತು. 1917ರಲ್ಲಿ ಅದೇ 20 ಅಶ್ವಶಕ್ತಿಯ ಎಂಜಿನ್ ಇಟ್ಟು ಒಂದು ಟನ್ ಹೊರುವ ಮಾಡೆಲ್ ಟಿಟಿ ಲಾರಿ ಮಾಡಿದಾಗ ಫೋರ್ಡ್ ಕೈಹಾಕಿದ್ದು ಅಂತಿಮ ಚಾಲನೆಗೆ. ವರ್ಮ್ ಗೇರಿನಿಂದ 7.25ರ ಅನುಪಾತ ತಂದಿತು. ಲಾರಿ ಆಮೆಯಂತೆ ನಡೆಯಿತು, ಆದರೆ ಹೊರೆ ಹೊತ್ತಿತು. ಕಾರಿನ ಮಾಲೀಕರಿಗೆ ಎರಡೂ ಬೇಕಿತ್ತು. ಅದಕ್ಕಾಗಿಯೇ ಎರಡು ವೇಗದ ರಕ್‌ಸ್ಟೆಲ್ ಆಕ್ಸಲ್ ಮಾರುಕಟ್ಟೆಗೆ ಬಂದು ಹೆಸರು ಮಾಡಿತು. ಮುಂದೆ ಲಾರಿಗಳಲ್ಲಿ ಈಟನ್ ಕಂಪನಿಯ ಎರಡು ವೇಗದ ಆಕ್ಸಲ್, ಕಾರುಗಳಲ್ಲಿ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರು ಬಂದದ್ದು ಇದೇ ಹಗ್ಗಜಗ್ಗಾಟಕ್ಕೆ ಪರಿಹಾರವಾಗಿ. 1934ರ ಕ್ರೈಸ್ಲರ್ ಏರ್‌ಫ್ಲೋ ಕಾರಿನಲ್ಲಿ ಓವರ್‌ಡ್ರೈವ್ ಇತ್ತು.

ಒಂದೇ ವಾಹನ ಬೇರೆ ಕೆಲಸಕ್ಕೆ ಹೋದಾಗ ಅನುಪಾತ ಹೇಗೆ ಬದಲಾಗಬೇಕು ಎನ್ನುವುದಕ್ಕೆ ಜೀಪಿಗಿಂತ ಒಳ್ಳೆಯ ಪಾಠ ಇಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಎರಡೂ ಆಕ್ಸಲ್ಲುಗಳಲ್ಲಿ 4.88 ಇತ್ತು, 39ಕ್ಕೆ 8 ಹಲ್ಲು. ಸೇನೆಗೆ ಬೇಕಾದುದು ರಸ್ತೆಯಲ್ಲಿ ಕಾವಲುಪಡೆಯ ಜೊತೆ ಓಡುವ, ಅಗತ್ಯ ಬಿದ್ದರೆ ಕೆಸರಿಗಿಳಿಯುವ ಗಾಡಿ. 1945ರಲ್ಲಿ ಅದೇ ಜೀಪನ್ನು ರೈತರಿಗಾಗಿ ಸಿಜೆ-2ಎ ಎಂದು ತಯಾರಿಸುವಾಗ ವಿಲ್ಲಿಸ್ 43ಕ್ಕೆ 8 ಹಲ್ಲಿನ 5.38 ಹಾಕಿತು. ಗೇರ್‌ಬಾಕ್ಸನ್ನೂ, ಎರಡು ಆಕ್ಸಲ್ಲಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕೆಳ ಗೇರನ್ನೂ ಜೊತೆಗೇ ಬದಲಿಸಿತು. ಎಲ್ಲ ಸೇರಿ ಅತಿ ಕೆಳಗಿನ ಗೇರಿನ ಗುಣಕ ಸುಮಾರು 26ರಿಂದ 37ರ ಹತ್ತಿರಕ್ಕೆ ಏರಿತು. ನೇಗಿಲು ಎಳೆಯುವ ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ, ಎಂಜಿನ್ ನಿಲ್ಲದಂತೆ, ಗಂಟೆಗಟ್ಟಲೆ ನಡೆಯಬೇಕು. ಆ ಕೆಲಸಕ್ಕೆ ಈ ಅಂಕಿ ಸರಿ.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈನಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು, ಈ ವಂಶ ಭಾರತಕ್ಕೆ ಬಂತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವುದೂ ಜೀಪುಗಳೇ. ಮಳೆಗಾಲದಲ್ಲಿ ಜಾರುವ ಕೆಮ್ಮಣ್ಣಿನ ಏರಿನಲ್ಲಿ 5.38ರ ಗಾಡಿ ಕ್ಲಚ್ಚಿಗೆ ನೋವು ಕೊಡದೆ ತೆವಳುತ್ತದೆ. ಇಳಿಜಾರಿನಲ್ಲಿ ಅದೇ ಅನುಪಾತ ಎಂಜಿನ್ ಬ್ರೇಕಾಗಿ ಕೆಲಸ ಮಾಡಿ ಬ್ರೇಕ್ ಲೈನಿಂಗನ್ನು ಕಾಯುತ್ತದೆ. ಈ ಎರಡನೆಯ ಉಪಕಾರವನ್ನು ಯಾರೂ ಎತ್ತಿ ಹೇಳುವುದಿಲ್ಲ. ಘಟ್ಟ ಇಳಿಯುವವರಿಗೆ ಮಾತ್ರ ಅದರ ಬೆಲೆ ಗೊತ್ತು.

ಅದೇ ಜೀಪು ತೋಟ ಬಿಟ್ಟು ಹೆದ್ದಾರಿಗೆ ಬಂದರೆ ಕಷ್ಟ ಶುರು. 16 ಇಂಚಿನ ಹಳೆಯ ಅಳತೆಯ ಟೈರಿನ ಸುತ್ತಳತೆ ಸುಮಾರು 2.25 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 80 ಕಿಲೋಮೀಟರಿನಲ್ಲಿ 5.38ರ ಎಂಜಿನ್ ನಿಮಿಷಕ್ಕೆ ಸುಮಾರು 3,190 ಸುತ್ತುತ್ತದೆ. 4.88ರಲ್ಲಿ 2,890, 47ಕ್ಕೆ 11 ಹಲ್ಲಿನ 4.27ರಲ್ಲಿ 2,530. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಗಾಡಿಗಳಲ್ಲಿ ಈ ಅಂತರ ಇನ್ನೂ ಮುಖ್ಯ. ಹಳೆಯ ಡೀಸೆಲ್ಲು ಕಡಿಮೆ ಸುತ್ತಿನಲ್ಲೇ ಬಲ ಕೊಡುತ್ತದೆ, ಹೆಚ್ಚು ಸುತ್ತಿಗೆ ಎಳೆದರೆ ನಡುಗುತ್ತದೆ. ಪೆಟ್ರೋಲಿಗೆಂದು ಆರಿಸಿದ 5.38 ಅದಕ್ಕೆ ಹೊಂದುವುದಿಲ್ಲ. ಇಂಥಲ್ಲಿ ಅಂಕಿ ಇಳಿಸುವುದು ನ್ಯಾಯವಾದ ಬದಲಾವಣೆ, ಏಕೆಂದರೆ ಎಂಜಿನ್ ಬದಲಾದಾಗಲೇ ಹಳೆಯ ಸಮತೋಲ ಕೆಟ್ಟಿತ್ತು.

ಟೈರು ದೊಡ್ಡದಾದಾಗಲೂ ಆಗುವುದು ಇದೇ. 28 ಇಂಚಿನ ಟೈರಿದ್ದಲ್ಲಿ 33 ಇಂಚಿನದು ಹಾಕಿದರೆ ಡಬ್ಬಿಯೊಳಗಿನ 4.10 ಮುಟ್ಟದೆಯೇ 3.48 ಆದಂತೆ. ಎಳೆತ ಸತ್ತಿತು, ಎಂಜಿನ್ ಹಳೆಯದಾಯಿತು ಎಂದು ಮಾಲೀಕ ಕೊರಗುತ್ತಾನೆ. ಮೊದಲಿನ ನಡತೆ ಮರಳಬೇಕಾದರೆ 4.10ನ್ನು 33ರಿಂದ ಗುಣಿಸಿ 28ರಿಂದ ಭಾಗಿಸಬೇಕು, 4.83 ಬರುತ್ತದೆ. ಅದಕ್ಕೆ ಹತ್ತಿರ ಸಿಗುವ ಜೋಡಿ 4.88. ಅಂತಿಮ ಅನುಪಾತ ಬದಲಿಸಲು ಇದಕ್ಕಿಂತ ಗಟ್ಟಿ ಕಾರಣ ಇನ್ನೊಂದಿಲ್ಲ ಎನ್ನಬಹುದು.

ಅಂಕಿಯೊಂದೇ ಏನೂ ಹೇಳದು

ಎರಡು ಬೇರೆ ಕಾರುಗಳ ಅಂತಿಮ ಅನುಪಾತವನ್ನು ಪಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬರುವುದು ವ್ಯರ್ಥ. 1989ರ ಮಾಜ್ಡಾ ಎಂಎಕ್ಸ್-5 ಕಾರಿನ 1.6 ಲೀಟರ್ ಮಾದರಿಗೆ 4.30 ಇತ್ತು. ನಾಲ್ಕನೇ ಪೀಳಿಗೆಯ ಮ್ಯಾನುಯಲ್ ಮಾದರಿಗೆ 2.866. ಅಂಕಿ ನೋಡಿದರೆ ಹೊಸದು ತೀರಾ ಮಂದವಾಗಿರಬೇಕು. ಆದರೆ ಹೊಸ ಗೇರ್‌ಬಾಕ್ಸಿನ ಒಂದನೇ ಗೇರು 5.087, ಹಳೆಯದರದ್ದು 3.136. ಗುಣಿಸಿದರೆ ಹೊಸದು 14.6, ಹಳೆಯದು 13.5. ಹೊರಡುವಾಗ ಹೊಸದೇ ಬಲವಾಗಿ ಎಳೆಯುತ್ತದೆ! ಆರನೇ ಗೇರನ್ನು ನೇರ 1 ಮಾಡಿ ಹಲ್ಲುಗಳ ಘರ್ಷಣೆ ತಗ್ಗಿಸುವುದು ಮಾಜ್ಡಾ ವಿನ್ಯಾಸಕರ ಲೆಕ್ಕಾಚಾರವಾಗಿತ್ತು. ಬದಲಾವಣೆಗೆ ಹೊರಟವರು ಹಿಡಿಯಬೇಕಾದ ಅಂಕಿ ಎರಡು: ಒಂದನೇ ಗೇರಿನ ಒಟ್ಟು ಗುಣಕ, ಟಾಪ್ ಗೇರಿನ ಒಟ್ಟು ಗುಣಕ.

ಕಾರ್ಖಾನೆಗಳೇ ಕೆಲವೊಮ್ಮೆ ದೊಡ್ಡ ಅಂಕಿಯತ್ತ ಹೋಗಿದ್ದುಂಟು. ಜಪಾನಿನಲ್ಲಿ ಮಾರಾಟವಾದ ಹೋಂಡಾ ಇಂಟೆಗ್ರಾ ಟೈಪ್ ಆರ್ 1998ರ ಪರಿಷ್ಕರಣೆಯಲ್ಲಿ 4.400ರಿಂದ 4.785ಕ್ಕೆ ಏರಿತು. ಅದೇ ಹೊತ್ತಿಗೆ ಚಕ್ರವೂ 15 ಇಂಚಿನಿಂದ 16ಕ್ಕೆ ಹೋಯಿತು. 8,000 ಸುತ್ತು ದಾಟಿದರೂ ಉಸಿರು ಬಿಡದ ಎಂಜಿನ್ನಿಗೆ ಅದು ಒಪ್ಪಿತು. ಇಂಥ ಮುಂಚಕ್ರ ಚಾಲನೆಯ ಕಾರಿನಲ್ಲಿ ಅಂತಿಮ ಚಾಲನೆ ಗೇರ್‌ಬಾಕ್ಸಿನೊಳಗೇ ಸೇರಿರುವುದರಿಂದ ಬದಲಿಸಬೇಕಾದರೆ ಇಡೀ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ವಿದ್ಯುತ್ ಕಾರುಗಳಿಗೆ ಬಹುಮಟ್ಟಿಗೆ ಒಂದೇ ಅನುಪಾತ. ಮೊದಲ ನಿಸಾನ್ ಲೀಫ್‌ಗೆ 7.94, ಮೊದಲ ಟೆಸ್ಲಾ ಮಾಡೆಲ್ ಎಸ್‌ಗೆ 9.73 ಇತ್ತು. ಮೋಟಾರು ಸೊನ್ನೆ ಸುತ್ತಿನಿಂದಲೇ ಪೂರ್ತಿ ಬಲ ಕೊಡುವುದರಿಂದ ಅದೊಂದೇ ಸಾಕಾಗುತ್ತದೆ.

ಜೊತೆಗೆ ಬರುವ ತೊಂದರೆಗಳು

ಹಳೆಯ ವಾಹನಗಳಲ್ಲಿ ಸ್ಪೀಡೋಮೀಟರಿನ ಕೇಬಲ್ಲು ಗೇರ್‌ಬಾಕ್ಸಿನ ಅಥವಾ ಟ್ರಾನ್ಸ್‌ಫರ್ ಕೇಸಿನ ಹಿಂತುದಿಯಿಂದ ಹೊರಡುತ್ತದೆ, ಎಂದರೆ ಕ್ರೌನ್ ಪಿನಿಯನ್ನಿಗಿಂತ ಮುಂಚೆ. 2.73 ತೆಗೆದು 3.73 ಹಾಕಿದರೆ ನಿಜವಾದ ವೇಗ 100 ಇದ್ದಾಗ ಮುಳ್ಳು 137 ತೋರಿಸುತ್ತದೆ. ಓಡಿದ ಕಿಲೋಮೀಟರೂ ಅಷ್ಟೇ ಹೆಚ್ಚಾಗಿ ಏರುತ್ತದೆ, ಅದನ್ನೇ ನಂಬಿ ಲೆಕ್ಕ ಹಾಕಿದವರಿಗೆ ಮೈಲೇಜು ಇಳಿದಿದ್ದೂ ಏರಿದಂತೆ ಕಾಣುತ್ತದೆ. ಅಂಕಿ ಇಳಿಸಿದರೆ ಅಪಾಯ ಇನ್ನೂ ದೊಡ್ಡದು: ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಕೂಡದು. ಕೇಬಲ್ ತುದಿಯ ಪುಟ್ಟ ಪ್ಲಾಸ್ಟಿಕ್ ಗೇರನ್ನು ಬೇರೆ ಹಲ್ಲಿನದಕ್ಕೆ ಬದಲಿಸಿದರೆ ದೋಷ ಸರಿಹೋಗುತ್ತದೆ. ವೇಗವನ್ನು ಚಕ್ರದ ಬಳಿಯ ಸೆನ್ಸರುಗಳಿಂದಲೇ ಅಳೆಯುವ ಇತ್ತೀಚಿನ ಕಾರುಗಳಲ್ಲಿ ಈ ದೋಷ ಬರುವುದಿಲ್ಲ. ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹೊಸ ಅನುಪಾತ ತಿಳಿಸದಿದ್ದರೆ ಗೇರು ತಪ್ಪು ಹೊತ್ತಿನಲ್ಲಿ ಬೀಳುತ್ತದೆ.

ಅನುಪಾತ ಹೆಚ್ಚಿದಷ್ಟೂ ಪ್ರೊಪೆಲ್ಲರ್ ಶಾಫ್ಟಿನ ಸುತ್ತೂ ಹೆಚ್ಚುತ್ತದೆ. ಮಸ್ಟಾಂಗ್ ಗಂಟೆಗೆ 160 ಕಿಲೋಮೀಟರ್ ಓಡುವಾಗ 2.73ರಲ್ಲಿ ಶಾಫ್ಟು ನಿಮಿಷಕ್ಕೆ 3,550 ಸುತ್ತು ತಿರುಗಿದರೆ 4.10ರಲ್ಲಿ 5,330. ಉದ್ದನೆಯ ಶಾಫ್ಟು ಒಂದು ನಿರ್ದಿಷ್ಟ ಸುತ್ತು ದಾಟಿದರೆ ಹಗ್ಗದಂತೆ ಬಾಗಿ ಕುಣಿಯತೊಡಗುತ್ತದೆ. ಮೊದಲು ಗೊತ್ತೇ ಆಗದಿದ್ದ ಚಿಕ್ಕ ಅಸಮತೋಲ, ಸವೆದ ಯುನಿವರ್ಸಲ್ ಜಾಯಿಂಟ್ ಹೊಸ ಜೋಡಿ ಬಂದ ಮೇಲೆ ಕುರ್ಚಿಯವರೆಗೂ ನಡುಕ ತರುತ್ತವೆ.

ಬಾಳಿಕೆಯ ಪ್ರಶ್ನೆ ಇನ್ನೊಂದು. ಡಬ್ಬಿಯ ಗಾತ್ರ ಅಷ್ಟೇ ಇರುವುದರಿಂದ ಅನುಪಾತ ಹೆಚ್ಚಿಸಲು ಪಿನಿಯನ್ನನ್ನೇ ಕುಗ್ಗಿಸಬೇಕು. 5.38ರ ಪಿನಿಯನ್ನಿಗೆ ಇರುವುದು ಎಂಟೇ ಹಲ್ಲು. ಒಮ್ಮೆಗೆ ಹೊರೆ ಹಂಚಿಕೊಳ್ಳುವ ಹಲ್ಲುಗಳು ಕಡಿಮೆಯಾಗುತ್ತವೆ. ಚಕ್ರದ ಕಡೆಯ ಆಕ್ಸಲ್ ಶಾಫ್ಟುಗಳ ಮೇಲಿನ ತಿರುಚು ಹೆಚ್ಚುತ್ತದೆ. ಕೆಲವು ಆಕ್ಸಲ್ಲುಗಳಲ್ಲಿ ಕ್ರೌನನ್ನು ಹೊರುವ ಕೇಜೂ ಬೇರೆಯೇ ಬೇಕಾಗುತ್ತದೆ. ಡಾನಾ 44 ಆಕ್ಸಲ್ಲಿನಲ್ಲಿ 3.73ರವರೆಗೆ ಒಂದು ಕೇಜು, 3.92ರಿಂದ ಮೇಲಕ್ಕೆ ಇನ್ನೊಂದು. ಕ್ರೌನ್ ಪಿನಿಯನ್ ಮಾತ್ರ ತರಿಸಿಕೊಂಡು ಡಬ್ಬಿ ಬಿಚ್ಚಿ ಕೂತವರಿಗೆ ಇದು ತಿಳಿಯುವುದು ತಡವಾಗಿ.

ನಾಲ್ಕು ಚಕ್ರ ಚಾಲನೆಯ ಗಾಡಿಯಲ್ಲಿ ಮುಂದಿನದೂ ಹಿಂದಿನದೂ ಒಂದೇ ಅನುಪಾತ ಇರಲೇಬೇಕು. ಖರ್ಚು ಉಳಿಸಲು ಹಿಂದಿನದನ್ನು 4.88 ಮಾಡಿ ಮುಂದೆ 5.38 ಬಿಟ್ಟ ಜೀಪು ಎರಡು ಚಕ್ರದಲ್ಲಿ ಚೆನ್ನಾಗಿಯೇ ಓಡುತ್ತದೆ. ನಾಲ್ಕಕ್ಕೆ ಹಾಕಿ ಗಟ್ಟಿ ರಸ್ತೆಯಲ್ಲಿ ಹೊರಟರೆ ಎರಡು ಆಕ್ಸಲ್ಲೂ ಒಂದಕ್ಕೊಂದು ಜಗ್ಗುತ್ತವೆ. ಟೈರು ಉಜ್ಜಿಹೋಗುತ್ತದೆ, ಇಲ್ಲವೇ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯುತ್ತದೆ. ಮಳೆಯಲ್ಲಿ ಸಿಕ್ಕಿಬಿದ್ದ ದಿನವೇ ಆ ಗೇರು ಬೇಕಾಗುವುದು.

ಕೂರಿಸುವ ಕಸುಬು

ಹಳೆಯ ಕಾರುಗಳಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕೇ ಬಂದು ಸೇರುತ್ತಿತ್ತು. ಅಮೆರಿಕದ ರಾಚೆಸ್ಟರಿನ ಗ್ಲೀಸನ್ ಕಂಪನಿ ಹೈಪಾಯ್ಡ್ ಎಂಬ ಹಲ್ಲು ಕೊರೆಯುವ ವಿಧಾನ ತಂದ ಮೇಲೆ ಪಿನಿಯನ್ನನ್ನು ನಡುಮಟ್ಟಕ್ಕಿಂತ ಕೆಳಗಿಳಿಸಲು ಸಾಧ್ಯವಾಯಿತು. 1926ರಲ್ಲಿ ಪ್ಯಾಕಾರ್ಡ್ ಅದನ್ನು ತನ್ನ ಕಾರುಗಳಿಗೆ ಅಳವಡಿಸಿಕೊಂಡಿತು. ಶಾಫ್ಟು ತಗ್ಗಿತು, ಕಾರಿನ ನೆಲವೂ ತಗ್ಗಿತು, ಪಿನಿಯನ್ ದಪ್ಪವಾಗಿ ಗಟ್ಟಿಯೂ ಆಯಿತು. ಬದಲಿಗೆ ಹಲ್ಲುಗಳು ಒಂದರ ಮೇಲೊಂದು ಜಾರುವ ಘರ್ಷಣೆ ಹೆಚ್ಚಿತು. ಅದನ್ನು ತಡೆಯಲು ಜಿಎಲ್-5 ದರ್ಜೆಯ ವಿಶೇಷ ಗೇರ್ ಆಯಿಲ್ ಬೇಕು.

ಹೊಸ ಜೋಡಿ ಕೂರಿಸುವಾಗ ಮೊದಲು ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಶಿಮ್ಮುಗಳಿಂದ ಹೊಂದಿಸುತ್ತಾರೆ. ಶಿಮ್ ಎಂದರೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆ. ಆಮೇಲೆ ಪಿನಿಯನ್ ಬೇರಿಂಗಿನ ಬಿಗಿ. ಅದಾದ ಮೇಲೆ ಬ್ಯಾಕ್‌ಲ್ಯಾಶ್, ಎಂದರೆ ಹಲ್ಲು ಹಲ್ಲಿನ ನಡುವೆ ಬಿಡುವ ಸಡಿಲ. ಡಾನಾ 44ರಂಥ ಆಕ್ಸಲ್ಲಿನಲ್ಲಿ ಅದು 0.13ರಿಂದ 0.25 ಮಿಲಿಮೀಟರಿನೊಳಗೆ ಇರಬೇಕು. ಕ್ರೌನಿನ ಅಂಚಿಗೆ ಡಯಲ್ ಗೇಜಿನ ಮೊನೆ ತಾಗಿಸಿ, ಪಿನಿಯನ್ ಅಲ್ಲಾಡದಂತೆ ಹಿಡಿದು, ಕ್ರೌನನ್ನು ಬೆರಳಿನಲ್ಲಿ ಹಿಂದೆ ಮುಂದೆ ಆಡಿಸಿ ಮುಳ್ಳು ನೋಡುತ್ತಾರೆ. ಇಷ್ಟಾದ ಮೇಲೆ ನಿಜವಾದ ಪರೀಕ್ಷೆ: ನಾಲ್ಕಾರು ಹಲ್ಲಿಗೆ ತೆಳುವಾಗಿ ಬ್ಲೂ ಎಂಬ ಬಣ್ಣ ಹಚ್ಚಿ, ಕ್ರೌನಿಗೆ ತುಸು ತಡೆ ಕೊಟ್ಟು ಪಿನಿಯನ್ ತಿರುಗಿಸಿದರೆ ಹಲ್ಲಿನ ಮೇಲೆ ಬಣ್ಣ ಅಳಿಸಿದ ಗುರುತು ಮೂಡುತ್ತದೆ. ಅದು ಹಲ್ಲಿನ ಬುಡ ಮತ್ತು ತಲೆಯ ನಡುವೆ, ಮೊಟ್ಟೆಯಾಕಾರದಲ್ಲಿ, ಯಾವ ಅಂಚಿಗೂ ತಾಗದೆ ಕೂತಿರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಆಳ ಹೆಚ್ಚಾಗಿದೆ, ತಲೆಗೆ ಏರಿದ್ದರೆ ಕಡಿಮೆಯಾಗಿದೆ. ಎರಡರಲ್ಲಿ ಏನಾದರೂ ಎಲ್ಲ ಬಿಚ್ಚಿ ಶಿಮ್ ಬದಲಿಸಿ ಮತ್ತೆ ಮೊದಲಿಂದ. ಕೈ ನುರಿತವರಿಗೂ ಮೂರು ನಾಲ್ಕು ಸಲ ಬಿಚ್ಚಬೇಕಾಗಿ ಬರುತ್ತದೆ. ಈ ಬಣ್ಣದ ಪರೀಕ್ಷೆ ಮಾಡದೆ ಅಂದಾಜಿನಲ್ಲಿ ಕೂರಿಸಿದ ಡಬ್ಬಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರದಲ್ಲಿ, ಬಿಟ್ಟಾಗ ಇನ್ನೊಂದು ಸ್ವರದಲ್ಲಿ ಊಳಿಡುತ್ತದೆ, ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಹಲ್ಲು ಉದುರಿಸುತ್ತದೆ.

ಹೊಸ ಜೋಡಿಗೆ ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರ್ ಭಾರ ಹಾಕದೆ ನಿಧಾನವಾಗಿ ಓಡಿಸಿ, ಡಬ್ಬಿ ತಣ್ಣಗಾಗಲು ಬಿಡಬೇಕು. ಹಲ್ಲುಗಳು ಪರಸ್ಪರ ಹದಗೊಳ್ಳುವಾಗ ಶಾಖ ತುಂಬ ಏರುತ್ತದೆ. 800 ಕಿಲೋಮೀಟರ್ ಆಸುಪಾಸಿನಲ್ಲಿ ಆಯಿಲ್ ಬದಲಿಸಿದರೆ ಉದುರಿದ ಲೋಹದ ಪುಡಿ ಹೊರಹೋಗುತ್ತದೆ.

ನಿತ್ಯ ಬಳಸುವ, ಏನೂ ಮಾರ್ಪಾಡಾಗದ ಕಾರಿಗೆ ಕಾರ್ಖಾನೆ ಕೊಟ್ಟ ಅನುಪಾತವೇ ಸರಿ. ಟೈರು, ಎಂಜಿನ್, ಹೊರೆ ಅಥವಾ ಓಡುವ ದಾರಿ ಬದಲಾಗಿದ್ದರೆ ಮಾತ್ರ ಕ್ರೌನ್ ಪಿನಿಯನ್ ಬದಲಿಸುವುದರಲ್ಲಿ ಅರ್ಥವಿದೆ. ಆಗಲೂ ಒಂದು ಮೆಟ್ಟಿಲು ಏರಿದರೆ ಅಥವಾ ಇಳಿದರೆ ಸಾಕು. ಡಬ್ಬಿ ಬಿಚ್ಚಿಸುವ ಮೊದಲು ನೀವು ಅತಿ ಹೆಚ್ಚು ಹೊತ್ತು ಓಡಿಸುವ ವೇಗದಲ್ಲಿ, ಟಾಪ್ ಗೇರಿನಲ್ಲಿ, ಎಂಜಿನ್ ಎಷ್ಟು ಸುತ್ತು ತಿರುಗಲಿದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ಬಿಚ್ಚಿದ ಹಳೆಯ ಜೋಡಿಯನ್ನು ಗುಜರಿಗೆ ಹಾಕಬೇಡಿ, ಬೇರೆ ಬೇರೆ ಕಡೆ ಇಡಲೂ ಬೇಡಿ. ಕ್ರೌನು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ತಿರುಗಿಸಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಒಂದು ಕಳೆದರೆ ಇನ್ನೊಂದು ಯಾವುದಕ್ಕೂ ಬಾರದು. ಎಣ್ಣೆ ಸವರಿ, ಎರಡನ್ನೂ ಒಂದೇ ತಂತಿಯಲ್ಲಿ ಕಟ್ಟಿ, ಹಲ್ಲಿನ ಸಂಖ್ಯೆ ಬರೆದ ಚೀಟಿ ಸೇರಿಸಿ ಇಡಿ.